ನಾಯಿಗೊಂದು ಮನೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಒಂದು ವೀರಗಲ್ಲು ಕನ್ನಡ ಸಾಹಿತ್ಯ ಓದಿದವರಿಗೆ ಹೊಸದಲ್ಲ. ಚರಿತ್ರಕಾರರು ಅದನ್ನು ನೋಡುವುದು ತಕ್ಕೋಲದ ಯುದ್ಧದ ಸಲುವಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕ್ರಿ.ಶ. 949-50ರ ಆ ಕಲ್ಲನ್ನು ನಿಲ್ಲಿಸಿದ್ದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಒಡೆಯನು ವರ ಕೊಡಲು ಮುಂದಾದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ನಿತ್ಯಪೂಜೆ ನಡೆಯಬೇಕೆಂದೂ ಪೂಜೆ ಮಾಡದೆ ಗೊರವನು ಉಣ್ಣಬಾರದೆಂದೂ ಕಟ್ಟುಮಾಡಿದನು.

ಕಾಳಿ ಪುಣ್ಯವಂತ ನಾಯಿ. ಅದಕ್ಕೊಂದು ಹೆಸರಿತ್ತು, ಅದನ್ನು ಬೇಡುವವನೊಬ್ಬನಿದ್ದ, ಕೊಡುವವನೊಬ್ಬನಿದ್ದ. ಹೆಸರಿಲ್ಲದ, ಬೇಡುವವರಿಲ್ಲದ, ಕೊಡುವವರೂ ಇಲ್ಲದ ನಾಯಿಯ ಗತಿಯೇನು? ಬೀದಿಯಲ್ಲಿ ಹುಟ್ಟಿದ ಅಥವಾ ಬೀದಿಗೆ ಬಿಸುಟ ನಾಯಿಯನ್ನು ಎತ್ತಿ ತಂದು, ಗುಣಪಡಿಸಿ, ಒಂದು ಮನೆಗೆ ಒಪ್ಪಿಸುವ ಪದ್ಧತಿ ಇಂದು ನಮ್ಮ ನಗರಗಳಲ್ಲಿ ಕಾಣುತ್ತಿದೆ. ಅದರ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ಇದೆ. ಆ ಚರಿತ್ರೆಯನ್ನು ಈ ಕೆಲವು ನಿಮಿಷಗಳಲ್ಲಿ ಸ್ಥೂಲವಾಗಿ ನೋಡಬಹುದು.

ಮೊದಲು ಎರಡು ಮಾತುಗಳ ಅರ್ಥವನ್ನು ನೋಡೋಣ. ‘ದತ್ತು’ ಎಂಬುದು ಸಂಸ್ಕೃತದ ‘ದತ್ತ’ದಿಂದ ಬಂದದ್ದು, ಕೊಟ್ಟದ್ದು ಎಂದು ಅದರ ಅರ್ಥ. ನಾವು ದತ್ತು ‘ತೆಗೆದುಕೊಳ್ಳುತ್ತೇವೆ’ ಎನ್ನುತ್ತೇವೆ, ಆದರೆ ಮಾತಿನ ಒಳಗಿರುವುದು ಕೊಡುವ ಕೈ. ಕೊಡುವವರಿಲ್ಲದೆ ದತ್ತಿಲ್ಲ. ‘ಸಾಕು’ ಎಂಬುದು ನಮ್ಮದೇ ಮಾತು. ಅದಕ್ಕೆ ದಾನದ ವಿಧಿ ಬೇಡ, ಅನ್ನ ಹಾಕಿ ಸಲಹಿದರೆ ಆಯಿತು. ಆದ್ದರಿಂದಲೇ ನಮ್ಮಲ್ಲಿ ದತ್ತುಮಗ ಬೇರೆ, ಸಾಕುಮಗ ಬೇರೆ. ಮೊದಲನೆಯವನಿಗೆ ಮನೆತನದ ಹೆಸರುಂಟು, ಎರಡನೆಯವನಿಗೆ ಮನೆಯ ಪ್ರೀತಿಯುಂಟು. ನಾಯಿಗಳ ವಿಷಯದಲ್ಲಿಯೂ ಈ ಭೇದ ಉಪಯುಕ್ತವಾದದ್ದು. ಕೊನೆಯವರೆಗೂ ನನ್ನದೆಂದು ಮನೆಗೆ ಸೇರಿಸಿಕೊಳ್ಳುವುದು ದತ್ತು. ಒಂದು ಶಾಶ್ವತವಾದ ಮನೆ ಸಿಕ್ಕುವವರೆಗೆ ತನ್ನಲ್ಲಿಟ್ಟುಕೊಂಡು ಸಲಹಿ ಕೊಡುವುದು ಸಾಕಣೆ. ಚಿತ್ರಪಟಗಳಲ್ಲಿ ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ‘ಕೊಡಲ್ಪಟ್ಟವನು’ ಎಂಬ ಹೆಸರಿನ ದೇವರ ಸನ್ನಿಧಿಯಲ್ಲಿಯೇ ನಾಯಿಗಳಿಗೆ ಎಡೆ ಸಿಕ್ಕಿರುವುದು ಸೊಗಸಾದ ಸಂಗತಿ.

ನಮ್ಮ ಪರಂಪರೆ ನಾಯಿಯ ವಿಷಯದಲ್ಲಿ ಎರಡು ಮನಸ್ಸಿನದು. ಒಂದು ಕಡೆ ಅದು ಭೈರವನ ವಾಹನ, ಮೈಲಾರನ ಪರಿವಾರ. ವೈಶ್ವದೇವದ ಬಲಿಯಲ್ಲಿ ಕಾಗೆಯೊಂದಿಗೆ ಅದಕ್ಕೂ ಪಾಲುಂಟು. ಇನ್ನೊಂದು ಕಡೆ ಮುಟ್ಟಬಾರದ ಪ್ರಾಣಿ; ಕಷ್ಟದ ಬದುಕಿಗೆ ನಾವು ಇಟ್ಟ ಹೆಸರು ನಾಯಿಪಾಡು. ಮಹಾಭಾರತ ಈ ಎರಡನ್ನೂ ಬಲ್ಲದು. ಅದರ ಆದಿಪರ್ವದಲ್ಲಿ, ತಪ್ಪು ಮಾಡದ ನಾಯಿಮರಿಯನ್ನು ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿ ಹೊಡೆದಟ್ಟುತ್ತಾರೆ. ತಾಯಿ ಸರಮೆ ಬಂದು ನ್ಯಾಯ ಕೇಳಿ, ಉತ್ತರ ಸಿಗದೆ ಶಪಿಸುತ್ತಾಳೆ. ಮಹಾಪ್ರಸ್ಥಾನದಲ್ಲಿ, ಹಸ್ತಿನಾವತಿಯಿಂದ ಬೆನ್ನಿಗೆ ಬಂದ ನಾಯಿಯೊಂದನ್ನು ಬಿಟ್ಟು ರಥವೇರೆಂದು ಇಂದ್ರನು ಹೇಳಿದಾಗ ಧರ್ಮರಾಯನು ಸ್ವರ್ಗವನ್ನೇ ಬೇಡವೆನ್ನುತ್ತಾನೆ. ಹೊಡೆದಟ್ಟಿದ ನಾಯಿಯಿಂದ ಆರಂಭವಾಗಿ ಕೈಬಿಡದ ನಾಯಿಯವರೆಗೆ ಬರುವ ದಾರಿ ಅದು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದರಿಂದ ಧರ್ಮರಾಯನ ನಾಯಿ ಅವನ ಕಾವ್ಯದೊಳಕ್ಕೆ ಬರಲಿಲ್ಲ. ಉಳಿದ ಪರ್ವಗಳನ್ನು ಹೇಳುವ ಭಾಗ್ಯ ತಿಮ್ಮಣ್ಣಕವಿಯದಾಯಿತು. ಗಮನಿಸಬೇಕಾದದ್ದೆಂದರೆ, ಧರ್ಮರಾಯನು ಆ ನಾಯಿಯನ್ನು ಕೊಂಡು ತಂದವನಲ್ಲ, ಅದು ಬೇಟೆಗೆ ಬಂದದ್ದೂ ಅಲ್ಲ. ನಂಬಿ ಹಿಂದೆ ಬಂದಿತು ಎಂಬುದೊಂದೇ ಅದರ ಹಕ್ಕು.

ಇದು ಕಾವ್ಯದ ಮಾತಾಯಿತು. ಹಳ್ಳಿಯ ಬೀದಿಯ ನಾಯಿ ಹೇಗೋ ಬದುಕುತ್ತಿತ್ತು. ಹತ್ತು ಮನೆಯ ತುತ್ತು ಅದಕ್ಕೆ ಆಧಾರ. ನಗರಗಳು ಬೆಳೆದ ಮೇಲೆ ಪ್ರಶ್ನೆ ಬೇರೆಯಾಯಿತು. ಜನ ಹೆಚ್ಚಿದರು, ಕಸ ಹೆಚ್ಚಿತು, ನಾಯಿ ಹೆಚ್ಚಿದವು, ಹುಚ್ಚುನಾಯಿಯ ಭಯವೂ ಹೆಚ್ಚಿತು. ಸರ್ಕಾರಗಳಿಗೆ ತೋಚಿದ ಮೊದಲ ಉಪಾಯ ಕೊಲ್ಲುವುದು. ಆ ಉಪಾಯಕ್ಕೆ ಒದಗಿದ ದೊಡ್ಡ ಪ್ರತಿಭಟನೆಯೊಂದು ನಮ್ಮ ದೇಶದಲ್ಲಿಯೇ, ಮುಂಬಯಿಯಲ್ಲಿ ನಡೆಯಿತು.

ಮುಂಬಯಿಯಲ್ಲಿ ವರ್ಷದ ಕೆಲವು ತಿಂಗಳು ಬೀದಿನಾಯಿಗಳನ್ನು ಕೊಲ್ಲುವ ಏರ್ಪಾಡು 1813ರಿಂದಲೇ ಇತ್ತು. 1832ರಲ್ಲಿ ಆ ಅವಧಿಯನ್ನು ಹೆಚ್ಚಿಸಿ, ಒಂದು ನಾಯಿಗೆ ಎಂಟಾಣೆ ಇನಾಮು ಗೊತ್ತುಮಾಡಿದರು. ಇನಾಮಿನ ಆಸೆಗೆ ಹಿಡಿಯುವವರು ಮನೆಗಳ ನಾಯಿಗಳ ಮೇಲೂ ಕೈಮಾಡತೊಡಗಿದರೆಂದು ದೂರು ಹುಟ್ಟಿತು. ಪಾರ್ಸಿಗಳಿಗೆ ನಾಯಿ ಪವಿತ್ರವಾದದ್ದು. ಅವರ ಅಂತ್ಯಕ್ರಿಯೆಯಲ್ಲಿ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕೆಂಬ ವಿಧಿಯೇ ಉಂಟು. ಜೂನ್ 6ರಂದು ಅವರು ನಾಯಿ ಹಿಡಿಯುವವರನ್ನು ಬೀದಿಯಲ್ಲಿ ಅಡ್ಡಗಟ್ಟಿದರು. ಮರುದಿನ ಅಂಗಡಿಗಳು ಮುಚ್ಚಿದವು, ಜೈನರೂ ಹಿಂದೂ ವರ್ತಕರೂ ಜತೆಗೂಡಿದರು, ಕೋಟೆಯ ದಂಡಿಗೆ ನೀರು ಆಹಾರಗಳ ಸರಬರಾಜು ಸಹ ತಡೆಯಿತು. ಸೈನ್ಯ ಬಂದಿತು, ಹಲವರಿಗೆ ಶಿಕ್ಷೆಯಾಯಿತು. ಮುಂದೆ ಜಮ್‌ಶೇಟ್‌ಜೀ ಜೀಜೀಭಾಯಿಯವರಂಥ ಪ್ರಮುಖರು ನಡುವೆ ನಿಂತು, ನಾಯಿಗಳನ್ನು ಕೊಲ್ಲುವ ಬದಲು ಊರಿನಿಂದ ಹೊರಕ್ಕೆ ಸಾಗಿಸುವಂತೆ ಸರ್ಕಾರವನ್ನು ಒಪ್ಪಿಸಿದರು.

ಹೊರಕ್ಕೆ ಸಾಗಿಸುವುದೇನೋ ಸರಿ, ಎಲ್ಲಿಗೆ? ಆ ಪ್ರಶ್ನೆಗೆ ಉತ್ತರವಾಗಿ 1834ರಲ್ಲಿ ಜೀಜೀಭಾಯಿ ಹಾಗೂ ಜೈನ ವರ್ತಕ ಕುಟುಂಬವೊಂದು ಸೇರಿ ಮುಂಬಯಿಯ ಪಾಂಜರಾಪೋಳವನ್ನು ಸ್ಥಾಪಿಸಿದರು. ಇಂದು ಪಾಂಜರಾಪೋಳವೆಂದರೆ ನಮಗೆ ಮುದಿ ಹಸುಗಳ ನೆನಪಾಗುತ್ತದೆ. ಮುಂಬಯಿಯದು ಹುಟ್ಟಿದ ಹಿನ್ನೆಲೆ ಮಾತ್ರ ಬೀದಿನಾಯಿ. ಲಂಡನ್ನಿನ ಹೆಸರಾಂತ ನಾಯಿಮನೆ ಹುಟ್ಟುವುದಕ್ಕೆ 26 ವರ್ಷ ಮೊದಲಿನ ಮಾತಿದು. ಅಲ್ಲಿಗೆ ಬಂದ ಪ್ರಾಣಿಯನ್ನು ಸಾಯುವವರೆಗೆ ಸಲಹಬೇಕು ಎಂಬುದು ಆ ಸಂಸ್ಥೆಯ ತತ್ತ್ವ. ಉದಾತ್ತವಾದ ತತ್ತ್ವವೇ. ಆದರೆ ಅಲ್ಲಿ ತೆಗೆದುಕೊಳ್ಳುವ ಬಾಗಿಲಿತ್ತೇ ಹೊರತು ಕೊಡುವ ಬಾಗಿಲಿರಲಿಲ್ಲ. ಪ್ರಾಣ ಉಳಿಯಿತು, ಮನೆ ಸಿಗಲಿಲ್ಲ.

ಕೊಡುವ ಬಾಗಿಲು ತೆರೆದದ್ದು ಲಂಡನ್ನಿನಲ್ಲಿ. ಮೇರಿ ಟೀಲ್ಬಿ ಎಂಬ ಮಹಿಳೆ, ಗಂಡನಿಂದ ದೂರವಾಗಿ ಬದುಕುತ್ತಿದ್ದವಳು, ಹೆಚ್ಚಿನ ಸಿರಿಯಿಲ್ಲದವಳು. ಗೆಳತಿಯೊಬ್ಬಳು ಬೀದಿಯಿಂದ ಎತ್ತಿ ತಂದು ಅಡುಗೆಮನೆಯಲ್ಲಿಟ್ಟಿದ್ದ ಹಸಿದ ನಾಯಿಯೊಂದನ್ನು ಇಬ್ಬರೂ ಸೇರಿ ಉಪಚರಿಸಿದರು, ಅದು ಬದುಕಲಿಲ್ಲ. ಅದರ ಸಾವಿನಿಂದ ಒಂದು ಸಂಸ್ಥೆ ಹುಟ್ಟಿತು. 1860ರಲ್ಲಿ ಹಾಲೊವೇ ಬಡಾವಣೆಯ ಒಂದು ಕುದುರೆಲಾಯದ ಆವರಣದಲ್ಲಿ, ಕಳೆದುಹೋದ ಹಾಗೂ ಹಸಿದ ನಾಯಿಗಳಿಗೆ ತಾತ್ಕಾಲಿಕ ಮನೆ ಎಂಬ ಹೆಸರಿನಿಂದ ಅದು ತೆರೆಯಿತು. ‘ಟೈಮ್ಸ್’ ಪತ್ರಿಕೆ ಗೇಲಿ ಮಾಡಿತು. ಬಡ ಮಕ್ಕಳು ಬೀದಿಯಲ್ಲಿರುವಾಗ ನಾಯಿಗೇಕೆ ಮನೆ ಎಂಬುದು ಅಂದಿನ ಹಲವರ ಪ್ರಶ್ನೆ. ಇಂದಿಗೂ ನಾವು ಕೇಳುತ್ತಿರುವ ಪ್ರಶ್ನೆಯೇ ಅದು. ಡಿಕೆನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1862ರಲ್ಲಿ ಪ್ರಕಟವಾದ ಒಂದು ಲೇಖನ ಅದಕ್ಕೆ ಬೇರೆ ರೀತಿಯ ಉತ್ತರ ಕೊಟ್ಟಿತು. ಬಹುಮಾನದ ಪ್ರದರ್ಶನದಲ್ಲಿ ನಿಂತ ಜಾತಿನಾಯಿಗಳನ್ನೂ ಈ ಮನೆಯ ಅನಾಥ ನಾಯಿಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಓದುಗನ ಅನುಕಂಪವನ್ನು ಎರಡನೆಯವುಗಳ ಕಡೆಗೆ ತಿರುಗಿಸಿತು. ಟೀಲ್ಬಿ 1865ರಲ್ಲಿ ತೀರಿಕೊಂಡಳು. ಸಂಸ್ಥೆ 1871ರಲ್ಲಿ ಬ್ಯಾಟರ್‌ಸೀಗೆ ಹೋಗಿ ಆ ಊರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು.

ಇಲ್ಲಿ ಹೆಸರಿನೊಳಗಿನ ‘ತಾತ್ಕಾಲಿಕ’ ಎಂಬ ಮಾತೇ ಮುಖ್ಯವಾದದ್ದು. ಪಾಂಜರಾಪೋಳ ಕೊನೆಯ ನಿಲುಗಡೆ. ಇದು ನಡುದಾರಿಯ ಛತ್ರ. ಒಡೆಯನು ಬಂದರೆ ಅವನಿಗೆ, ಬಾರದಿದ್ದರೆ ಒಳ್ಳೆಯ ಮನೆಯವರು ಸಿಕ್ಕಿದರೆ ಅವರಿಗೆ ನಾಯಿಯನ್ನು ಒಪ್ಪಿಸಬೇಕು. ಕೊಡುವವರಿಲ್ಲದ ನಾಯಿಗೆ ಸಂಸ್ಥೆಯೇ ಕೊಡುವ ಕೈಯಾಯಿತು. ದತ್ತು ಎಂಬ ಮಾತಿನ ಪೂರ್ಣಾರ್ಥ ಬೀದಿನಾಯಿಗೆ ಸಂದದ್ದು ಹೀಗೆ.

ಆದರೆ ಛತ್ರದಲ್ಲಿ ಎಷ್ಟು ದಿನ? ಈ ಚರಿತ್ರೆಯ ನೋವಿನ ಭಾಗವಿರುವುದು ಇಲ್ಲಿ. 1867ರ ಲಂಡನ್ ಬೀದಿಗಳ ಕಾಯ್ದೆ ಪೊಲೀಸರು ಹಿಡಿದ ನಾಯಿಗೆ ಕೊಟ್ಟ ಗಡುವು ಮೂರು ದಿನ. ಅಷ್ಟರಲ್ಲಿ ಒಡೆಯನು ಬಾರದಿದ್ದರೆ ಮಾರಬಹುದು, ಇಲ್ಲವೆ ಕೊಲ್ಲಬಹುದು. 1906ರ ಕಾಯ್ದೆ ಅದನ್ನು ಏಳು ದಿನ ಮಾಡಿತು. ನಾಯಿಗಳು ಸಾವಿರಗಟ್ಟಲೆ ಬಂದವು. ಮನೆಗಳು ಅಷ್ಟು ಬರಲಿಲ್ಲ. ಉಳಿದವನ್ನು ನೋವಿಲ್ಲದೆ ಕೊಲ್ಲಲು 1884ರಲ್ಲಿ ಬ್ಯಾಟರ್‌ಸೀಯಲ್ಲಿಯೇ ಒಂದು ವಿಷವಾಯುವಿನ ಕೋಣೆ ಏರ್ಪಟ್ಟಿತು. ಅಂದಿನ ದಯಾಳುಗಳು ಅದನ್ನು ಸುಧಾರಣೆಯೆಂದೇ ಬಗೆದರು. ನ್ಯೂಯಾರ್ಕಿನಲ್ಲಿ ನಾಯಿಗಳನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ನದಿಯಲ್ಲಿ ಮುಳುಗಿಸುತ್ತಿದ್ದ ಕಾಲದಲ್ಲಿ ಹಾಗೆ ತೋರಿದ್ದು ಸಹಜವೇ. ಫಿಲಡೆಲ್ಫಿಯದಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಎಂಬಾಕೆಯ ಮುಂದಾಳುತನದಲ್ಲಿ 1869ರಲ್ಲಿ ಹೆಂಗಸರು ಸಂಘ ಕಟ್ಟಿ, ಬೀದಿನಾಯಿಗಳ ಹೊಣೆಯನ್ನು ತಾವೇ ಹೊತ್ತು, ಅಮೆರಿಕದಲ್ಲಿ ಈ ಬಗೆಯ ಆಶ್ರಯಕ್ಕೆ ಬುನಾದಿ ಹಾಕಿದರು. ಅಲ್ಲಿಯೂ ಪಾಠ ಒಂದೇ: ಛತ್ರ ಎಷ್ಟು ದೊಡ್ಡದಾದರೂ, ಮುಂದಿನ ಮನೆಗಳಿಲ್ಲದಿದ್ದರೆ ಅದು ಕೊಲೆಮನೆಯಾಗಲು ತಡವಿಲ್ಲ.

ಸಾಕುಮನೆಯ ವಿಚಾರಕ್ಕೆ ಬಂದರೆ, ಅದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಒಂದು ಮಹಾದುಃಖದ ನಡುವೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ಬ್ರಿಟನ್ನಿನ ಜನ ಬಾಂಬಿಗೂ ಆಹಾರದ ಕೊರತೆಗೂ ಹೆದರಿ ತಮ್ಮ ನಾಯಿ ಬೆಕ್ಕುಗಳನ್ನು ತಾವೇ ಕೊಲ್ಲಿಸಲು ಸಾಲುಗಟ್ಟಿ ನಿಂತರು. ಲಂಡನ್ನಿನಲ್ಲಿ ಮೊದಲ ವಾರದಲ್ಲಿಯೇ ಹೀಗೆ ಸತ್ತ ನಾಯಿ ಬೆಕ್ಕುಗಳು ಸುಮಾರು 4 ಲಕ್ಷವೆಂದು ಚರಿತ್ರಕಾರರ ಅಂದಾಜು. ಒಂದು ಬಾಂಬೂ ಬೀಳುವುದಕ್ಕೆ ಮೊದಲೇ ನಡೆದ ಕೊಲೆ ಇದು. ಅದೇ ದಿನಗಳಲ್ಲಿ ಹ್ಯಾಮಿಲ್ಟನ್ನಿನ ಡಚೆಸ್ ನೀನಾ ತಮ್ಮ ಹಳ್ಳಿಯ ಬಂಗಲೆ ಫರ್ನ್‌ನ ಬಾಗಿಲು ತೆರೆದು, ನಗರ ಬಿಡಬೇಕಾದವರ ಪ್ರಾಣಿಗಳನ್ನು ಸಾಕಲು ನಿಂತರು. ‘ನನ್ನದಲ್ಲ, ಆದರೂ ಸದ್ಯಕ್ಕೆ ನನ್ನದು’ ಎನ್ನುವ ಮನೋಧರ್ಮ ಅದು.

ಆ ಮನೋಧರ್ಮಕ್ಕೆ ಶಾಸ್ತ್ರದ ಬೆಂಬಲವೂ ಮುಂದೆ ದೊರೆಯಿತು. 1978ರಲ್ಲಿ ಪಾರ್ವೊ ಎಂಬ ಹೊಸ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡು ಕೆಲವೇ ತಿಂಗಳುಗಳಲ್ಲಿ ಲೋಕವೆಲ್ಲ ಹಬ್ಬಿತು. ವಾಂತಿ, ರಕ್ತಭೇದಿಗಳಿಂದ ಮರಿಗಳನ್ನು ಬೇಗನೆ ಕೊಲ್ಲುವ ರೋಗ. ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುವ ಸೋಂಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುವ ಕಾಲಕ್ಕೂ ಲಸಿಕೆಯ ರಕ್ಷಣೆ ಏರುವ ಕಾಲಕ್ಕೂ ನಡುವೆ ಮರಿಗೆ ಒಂದು ಅಪಾಯದ ಅವಧಿಯುಂಟು. ನೂರಾರು ನಾಯಿಗಳು ಬಂದುಹೋಗುವ ಆಶ್ರಯದಲ್ಲಿ ಆ ಅವಧಿಯನ್ನು ದಾಟುವುದು ಕಷ್ಟ. ಶುಚಿಯಾದ ಒಂದು ಮನೆಯ ಮೂಲೆಯಲ್ಲಿ ಸುಲಭ. ಶಸ್ತ್ರಚಿಕಿತ್ಸೆಯಾದ ನಾಯಿ, ಹೆದರಿ ಮುದುರಿಕೊಂಡ ನಾಯಿ, ತಾಯಿಯಿಲ್ಲದ ಮರಿ, ಇವಕ್ಕೆಲ್ಲ ಬೇಕಾದದ್ದು ದೊಡ್ಡ ಕಟ್ಟಡವಲ್ಲ, ಕೆಲವು ವಾರ ಒಂದು ಮನೆ. ಮನೆಯಲ್ಲಿದ್ದಾಗಲೇ ಅದರ ಸ್ವಭಾವವೂ ತಿಳಿಯುತ್ತದೆ: ಮಕ್ಕಳೊಡನೆ ಹೇಗೆ, ಕುಕ್ಕರಿನ ಶಿಳ್ಳೆಗೆ ಬೆಚ್ಚುತ್ತದೆಯೆ, ಒಂಟಿಯಾಗಿ ಬಿಟ್ಟರೆ ಅಳುತ್ತದೆಯೆ. ದತ್ತು ಪಡೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಜಾತಕವಿಲ್ಲ.

ಸಾಕಿದವರ ಕಷ್ಟ ಬೇರೊಂದು. ಅದು ಒಪ್ಪಿಸಿಕೊಡುವ ದಿನದ ಕಷ್ಟ. ನಮ್ಮ ಕಾವ್ಯಗಳಿಗೆ ಇದು ತಿಳಿಯದ ಭಾವವಲ್ಲ. ಗೋಕುಲದಿಂದ ರಥ ಹೊರಟಾಗ ಯಶೋದೆಗೆ ಉಳಿದದ್ದು ಸಾಕಿದ ನೆನಪೊಂದೇ. ಕರ್ಣನಿಗೆ ರಾಧೇಯನೆಂಬ ಹೆಸರು ಬಂದದ್ದು ಹೆತ್ತವಳಿಂದಲ್ಲ, ಸಾಕಿದವಳಿಂದ. ಬಿಟ್ಟುಕೊಟ್ಟರೆ ಸಾಕಿದ್ದು ವ್ಯರ್ಥವೆಂದು ತಿಳಿಯಬಾರದು. ಬಿಟ್ಟುಕೊಟ್ಟ ದಿನವೇ ಇನ್ನೊಂದು ಜೀವಕ್ಕೆ ಮನೆಯಲ್ಲಿ ಸ್ಥಳವಾಗುತ್ತದೆ.

ಇನ್ನು ಸ್ವತಂತ್ರ ಭಾರತದ ಕಥೆ. ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲರು ಮಂಡಿಸಿದ ಖಾಸಗಿ ಮಸೂದೆಯ ಬೆನ್ನಿಗೇ 1960ರ ಪ್ರಾಣಿಹಿಂಸಾ ನಿವಾರಣ ಕಾಯ್ದೆ ಬಂದಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿಯಾಯಿತು, ಅವರೇ ಅದರ ಮೊದಲ ಅಧ್ಯಕ್ಷೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ಸಲದ ಅಪರಾಧಕ್ಕೆ ಅದು ಬರೆದ ದಂಡ 10ರಿಂದ 50 ರೂಪಾಯಿ. ಸಾವಿರಾರು ರೂಪಾಯಿ ತೆತ್ತು ಜಾತಿನಾಯಿ ಕೊಂಡು, ವರ್ಗವಾದಾಗಲೋ ಬೇಸರವಾದಾಗಲೋ ಊರಾಚೆ ಇಳಿಸಿಬರುವವನನ್ನು ಅಂಥ ದಂಡ ತಡೆದೀತೆ?

ಮದರಾಸಿನಲ್ಲಿ 1959ರಲ್ಲಿ ವಿಮಾನಚಾಲಕ ಕ್ಯಾಪ್ಟನ್ ವಿ. ಸುಂದರಂ ಮಳೆನೀರು ತುಂಬಿದ ಬೀದಿಯಲ್ಲಿ ಮುಳುಗುತ್ತಿದ್ದ ನಾಯಿಮರಿಗಳನ್ನು ಮನೆಗೆ ತಂದರು. ಭಾರತದ ಬ್ಲೂ ಕ್ರಾಸ್ ಸಂಸ್ಥೆ ಹುಟ್ಟಿದ್ದು ಆ ಮನೆಯಲ್ಲಿ. ಅವರಿಗೂ ಅವರ ಪತ್ನಿ ಉಷಾ ಸುಂದರಂ ಅವರಿಗೂ ನಮ್ಮ ನಾಡಿನ ನಂಟುಂಟು. ಅವರು ಬೆಂಗಳೂರಿನ ಜಕ್ಕೂರು ವಿಮಾನ ಶಾಲೆಯಲ್ಲಿ ಕಲಿಸಿದವರು, ಆಕೆ ಅಲ್ಲಿ ಕಲಿತವರು. ಬ್ಲೂ ಕ್ರಾಸ್‌ನವರು ಹೇಳುವಂತೆ ಮದರಾಸು ಕಾರ್ಪೊರೇಷನ್ ನಾಯಿಗಳನ್ನು ಕೊಲ್ಲಲು ಆರಂಭಿಸಿದ್ದು 1860ರಲ್ಲಿ, ಅಂದರೆ ಲಂಡನ್ನಿನ ನಾಯಿಮನೆ ತೆರೆದ ವರ್ಷವೇ. ಒಂದು ಶತಮಾನ ಕೊಂದರೂ ನಾಯಿ ಕಡಮೆಯಾಗಲಿಲ್ಲ, ಹುಚ್ಚುರೋಗ ನಿಲ್ಲಲಿಲ್ಲ. ಕೊಂದು ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ. ಆದ್ದರಿಂದ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಯೇ ಬಿಡಿ ಎಂದು 1964ರಲ್ಲಿ ಅವರು ಸೂಚಿಸಿದರು. ಕಾರ್ಪೊರೇಷನ್ ಒಪ್ಪಿಕೊಂಡದ್ದು 1996ರಲ್ಲಿ. 2001ರಲ್ಲಿ ಅದು ದೇಶದ ನಿಯಮವಾಯಿತು. ಬೆಂಗಳೂರಿನಲ್ಲಿ ದೆಹಲಿ, ಜಯಪುರಗಳಲ್ಲಿ ಕೆಲಸಮಾಡಿ ಬಂದ ಆಂಗ್ಲ ಮಹಿಳೆ ಕ್ರಿಸ್ಟಲ್ ರೋಜರ್ಸ್, ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ ‘ಕ್ಯೂಪಾ’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಈ ನಗರದಲ್ಲಿ ದೇಸಿ ನಾಯಿಮರಿಯನ್ನು ದತ್ತು ಪಡೆಯುವುದು ಮರ್ಯಾದಸ್ಥರು ಮಾಡುವ ಕೆಲಸವೇ ಎಂಬ ತಿಳಿವಳಿಕೆ ಬಂದದ್ದರಲ್ಲಿ ಇಂಥ ಸಂಸ್ಥೆಗಳ ಪಾಲು ದೊಡ್ಡದು.

ನಾಯಿಯ ಮೇಲಿನ ಮಮತೆಯಲ್ಲಿ ಮನುಷ್ಯನ ನೋವನ್ನು ಮರೆಯಬಾರದು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಭಾರತದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸಾಯುವವರಲ್ಲಿ ಮಕ್ಕಳು ಬಹಳ, ಅದರಲ್ಲೂ ಬಡವರ ಮಕ್ಕಳು. ಪಾಶ್ಚರನು 1885ರಲ್ಲಿಯೇ ಲಸಿಕೆ ಕೊಟ್ಟ ರೋಗವಿದು. ಕೂನೂರಿನ ಪಾಶ್ಚರ್ ಸಂಸ್ಥೆ 1907ರಿಂದ ನಮ್ಮ ನೆರೆಯಲ್ಲಿಯೇ ಇದೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂಬುದು ತಜ್ಞರ ಮತ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸಾಗಿಸಬೇಕೆಂದಿತು. ಆಗಸ್ಟ್ 22ರಂದು ಅದನ್ನು ಬದಲಿಸಿ, ರೋಗವಿಲ್ಲದ, ಮೇಲೆ ಬೀಳುವ ಸ್ವಭಾವವಿಲ್ಲದ ನಾಯಿಗಳನ್ನು ಚಿಕಿತ್ಸೆ ಲಸಿಕೆಗಳ ನಂತರ ಹಿಡಿದಲ್ಲಿಯೇ ಬಿಡಬಹುದೆಂದಿತು. ಬೀದಿಯೋ ಆಶ್ರಯವೋ ಎಂದು ದೇಶವೆಲ್ಲ ವಾದ ಮಾಡಿತು. ಆ ಗದ್ದಲದಲ್ಲಿ ಮೂರನೆಯದಾದ ಮನೆಯ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ದೇಶದ ನಾಯಿಗಳಿಗೆಲ್ಲ ಮನೆ ಸಿಕ್ಕೀತೆಂದು ಯಾರೂ ಹೇಳಲಾರರು. ಚಿಕಿತ್ಸೆ, ಲಸಿಕೆ, ಕಸದ ವಿಲೇವಾರಿ, ಇವಿಲ್ಲದೆ ದತ್ತೊಂದರಿಂದಲೇ ಬೀದಿಯ ಸಮಸ್ಯೆ ಬಗೆಹರಿಯದು. ಆದರೆ ಕೊಂಡುತರುವ ಪ್ರತಿಯೊಂದು ಮರಿಯ ಬದಲು ಎತ್ತಿ ತಂದ ಮರಿಯೊಂದು ಮನೆ ಸೇರಿದರೆ, ಆಶ್ರಯದಲ್ಲಿ ಒಂದು ಜಾಗ ಬಿಡುವಾಗುತ್ತದೆ. ತಂದವರು ಲಸಿಕೆ ಹಾಕಿಸಬೇಕು, ಸಂತಾನಹರಣ ಮಾಡಿಸಬೇಕು, ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷದ ಮಾತಿದು. ನಾಯಿ ಮುದಿಯಾಗುತ್ತದೆ, ಕುರುಡಾಗುತ್ತದೆ, ಹಾಸಿಗೆಯಲ್ಲಿಯೇ ಒದ್ದೆ ಮಾಡುತ್ತದೆ. ಇಷ್ಟನ್ನೂ ಎಣಿಸಿ ತರಬೇಕು. ಅಷ್ಟು ಸಾಧ್ಯವಿಲ್ಲದವರು ಒಂದು ತಿಂಗಳು ಸಾಕಿ ಕೊಡಬಹುದು.

ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಎರಡು ಅರ್ಥ. ಸಲಹು ಎಂಬುದೊಂದು, ಇನ್ನು ಬೇಡ ಎಂಬುದೊಂದು. ಬೀದಿಯ ನಾಯಿಗೆ ಮನುಷ್ಯರ ಬಾಯಿಂದ ಎರಡನೆಯದೇ ಹೆಚ್ಚಾಗಿ ಕೇಳಿಸಿದೆ. ಮೊದಲನೆಯದು ಅದಕ್ಕೆ ಕೇಳಿಸಬೇಕಾದರೆ ಕಾಯ್ದೆ, ಕೋರ್ಟು, ಸಂಸ್ಥೆಗಳ ಜತೆಗೆ ಯಾರಾದರೊಬ್ಬರು ತಮ್ಮ ಮನೆಯ ಬಾಗಿಲು ತೆರೆಯಬೇಕಾಗುತ್ತದೆ.